ಹೊಟ್ಟಿನ ಸೊಂಡಿಗೆ ಬಟನ್ ಬೇಕೋ ಬೇಡವೋ

ನಮ್ಮ ಕಡೆ ಮನುಷ್ಯ ಸತ್ತ ಮೇಲೆ ಊರ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಏರುವವರೆಗೂ ಸತ್ತದ್ದು ಪೂರಾ ಆಗುವುದಿಲ್ಲ. ಹನ್ನೂರಿನ ಮಶಿನ್ ಕಾಕಾ ತೀರಿಕೊಂಡ ಸುದ್ದಿ ನನಗೆ ಸೋಲಾಪುರದಲ್ಲಿ ಫೋನಿನ ಮೇಲೆ ಬಂತು. ನಂಬಿಕೆ ಬಂದದ್ದು ಮಾತ್ರ ಊರಿಗೆ ಹೋಗಿ ಆ ಫ್ಲೆಕ್ಸ್ ನೋಡಿದ ಮೇಲೆ. ಟ್ರ್ಯಾಕ್ಟರ್ ಮೇಲೆ ಕೂತು ಎಡಗೈ ಎತ್ತಿದ್ದ ಅವರ ಫೋಟೊ ಒಂದನ್ನು ಅಕ್ಕಲಕೋಟೆಯ ಅಂಗಡಿಯವನು ತೆಗೆದುಕೊಂಡು, ಟ್ರ್ಯಾಕ್ಟರನ್ನು ಅಳಿಸಿ, ಹಿಂದೆ ಮೋಡ ಹಾಕಿದ್ದ. ಹೀಗಾಗಿ ಕಾಕಾ ಯಾವ ಆಧಾರವೂ ಇಲ್ಲದೆ ಮೋಡದಲ್ಲಿ ಕೂತು ಲೋಕಕ್ಕೆ ಆಶೀರ್ವಾದ ಮಾಡುತ್ತಿದ್ದರು, ಅದೂ ಎಡಗೈಯಿಂದ. ಅಕ್ಕಲಕೋಟೆಗೆ ಕಾಲ್ನಡಿಗೆಯಲ್ಲಿ ಹೊರಟಿದ್ದ ಭಕ್ತರಿಬ್ಬರು ಅದಕ್ಕೆ ಕೈಮುಗಿದು ಹೋದದ್ದನ್ನು ನಾನೇ ನೋಡಿದೆ. ಆ ಕೈ ಆಶೀರ್ವಾದದ್ದಲ್ಲ, ರಾಶಿ ಮಶಿನ್ನಿನ "ಸೊಂಡಿ ಎಡಕ್ಕೆ ತಿರುಗಿಸು" ಎಂಬ ಸನ್ನೆ ಎಂದು ಊರಿನವರಿಗೆಲ್ಲ ಗೊತ್ತಿತ್ತು. ಯಾರೂ ಆ ಭಕ್ತರನ್ನು ತಡೆಯಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮನೆಮಾತು ಕನ್ನಡವಾದರೂ ಅವರ ಮನೆಯಲ್ಲಿ ಎಲ್ಲರೂ ಕಲಿತದ್ದು ಮರಾಠಿ ಸಾಲಿಯಲ್ಲಿ. ಆದ್ದರಿಂದ ಇದನ್ನು ಓದಿ ನನ್ನ ಮೇಲೆ ಸಿಟ್ಟಾಗುವವರು ಆ ಮನೆಯಲ್ಲಿ ಯಾರೂ ಇಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ನಾನು ಅಕ್ಕಲಕೋಟೆಯ ಕನ್ನಡ ಸಾಲಿಯಲ್ಲಿ ಪಾಠ ಹೇಳಿಕೊಂಡಿದ್ದವಳು, ಈಗ ನಿವೃತ್ತಳಾಗಿ ಸೋಲಾಪುರದಲ್ಲಿ ಇದ್ದೇನೆ. ತಂದೆಯಿಂದ ಬಂದ ಒಂದು ತುಂಡು ಹೊಲ ಹನ್ನೂರಿನಲ್ಲಿ ಇದೆ. ಅದರ ತೊಗರಿಯನ್ನು ಒಕ್ಕಿ ರಾಶಿ ಮಾಡಿಕೊಡುತ್ತಿದ್ದವರು ಕಾಕಾ. ಟ್ರ್ಯಾಕ್ಟರಿಗೆ ಜೋಡಿಸಿ ಓಡಿಸುವ ರಾಶಿ ಮಶಿನ್ ಆ ಊರಿಗೆ ಮೊದಲು ತಂದವರು ಅವರೇ, ಹೆಸರು ಬಂದದ್ದೂ ಅದರಿಂದಲೇ.

ಅವರಂಥ ವಿಚಾರವಂತರನ್ನು ನಾನು ನೋಡಿಲ್ಲ. ವಿಚಾರವಂತರು ಎಂದರೆ ಒಂದು ವಿಚಾರವನ್ನು ಹಿಡಿದರೆ ಬಿಡದವರು. ಮನೆಗೆ ಸೀಲಿಂಗ್ ಫ್ಯಾನ್ ತರಬೇಕೋ ಟೇಬಲ್ ಫ್ಯಾನ್ ತರಬೇಕೋ ಎಂಬ ವಿಚಾರದಲ್ಲಿ ಇಡೀ ಬೇಸಿಗೆ ಹೋಯಿತು. ಮಳೆ ಬಂದ ಮೇಲೆ ಎರಡೂ ಬೇಡ ಎಂದು ತೀರ್ಮಾನವಾಯಿತು. ಕಣ್ಣಿನ ಡಾಕ್ಟರು ಚಷ್ಮಾ ಬರೆದುಕೊಟ್ಟರೆ, ಅದನ್ನು ಹಾಕಿಕೊಳ್ಳಬೇಕೋ ಹೇಗೆ ಎಂದು ಊರೆಲ್ಲ ಕೇಳಿದರು. ಕೇಳುವ ರೀತಿಯೂ ಒಂದೇ. ಹೆಬ್ಬೆರಳಿನಿಂದ ಮೂಗಿನ ತುದಿಯನ್ನು ಒರೆಸಿಕೊಂಡು "ಅಕ್ಕೋರ, ತಗೋಬೇಕೋ ಬ್ಯಾಡೋ, ಹೇಳ್ರಿ" ಎನ್ನುವರು. ತಗೋರಿ ಎಂದರೆ "ಬರೋಬರಿ ಐತಿ", ಸರಿಯಾಗಿದೆ, ಎನ್ನುವರು. ಬೇಡ ಎಂದರೂ "ಬರೋಬರಿ ಐತಿ". ಆಮೇಲೆ ಏನಾಯಿತು ಎಂದು ಕೇಳಿದರೆ, ಮಶಿನ್ನಿನ ಮಾತನ್ನೇ ಆಡಿದ ಹಾಗೆ, "ವಿಚಾರ ಚಾಲೂ ಐತಿ" ಎನ್ನುವರು.

ಅವರ ಬಾಳಿನಲ್ಲಿ ದೊಡ್ಡ ಅನಾಹುತವಾದದ್ದೂ ವಿಚಾರ ಚಾಲೂ ಇದ್ದಾಗಲೇ.

ರಾಶಿ ಮಶಿನ್ ನೋಡದವರಿಗೆ ಒಂದು ಮಾತು ಹೇಳಬೇಕು. ಕಾಳು ಒಂದು ಕಡೆ ಚೀಲಕ್ಕೆ ಬೀಳುತ್ತದೆ. ಹೊಟ್ಟು ಇನ್ನೊಂದು ಕಡೆ, ಉದ್ದನೆಯ ತಗಡಿನ ಕೊಳವೆಯಿಂದ ಗಾಳಿಯ ರಭಸಕ್ಕೆ ಹಾರಿ ಹೋಗುತ್ತದೆ. ಆ ಕೊಳವೆಗೆ ನಮ್ಮ ಕಡೆ ಸೊಂಡಿ ಎನ್ನುತ್ತಾರೆ. ತೊಗರಿ ಹೊಟ್ಟು ಎಮ್ಮೆಗೆ ಬಲು ಪ್ರೀತಿ, ಮನುಷ್ಯರ ಮೈಗೆ ಬಲು ತುರಿಕೆ. ಗಾಳಿ ತಿರುಗಿದ ಹಾಗೆ ಸೊಂಡಿಯನ್ನೂ ತಿರುಗಿಸಬೇಕು, ಇಲ್ಲದಿದ್ದರೆ ಹೊಟ್ಟು ಬಣವಿ ಬಿಟ್ಟು ಮಂದಿಯ ಮೇಲೆ ಬೀಳುತ್ತದೆ.

ಆ ದಿನ ಕಾಕಾ ಮನೆಯ ಮುಂದಿನ ಬಯಲಿನಲ್ಲಿ ರಾಶಿ ಹಚ್ಚಿದ್ದರು. ಪಕ್ಕದ ಅಂಗಳ ಅವರ ತಮ್ಮನದು. ತಮ್ಮನ ಮಗಳನ್ನು ನೋಡಲು ಭಂಡಾರಕವಠೆಯಿಂದ ಗಂಡಿನ ಕಡೆಯ ಪಾವಣ್ಯಾರು ಬಂದು ಅಂಗಳದಲ್ಲಿ ಕೂತಿದ್ದರು. ಚುರುಮುರಿ ಸುಸಲಾ ಕೈಗೆ ಬಂದಿತ್ತು, ಹುಡುಗಿ ಚಹಾದ ತಾಟು ಹಿಡಿದು ಹೊಸ್ತಿಲಿಗೆ ಬಂದಿದ್ದಳು. ಆಗ ಗಾಳಿ ತಿರುಗಿತು. ಸೊಂಡಿಯನ್ನು ತಂತಿಯಿಂದ ಬಿಗಿದು ಕಟ್ಟಿದ್ದರು, ತಿರುಗಿಸುವವರು ಯಾರೂ ಇರಲಿಲ್ಲ. ಕಾಕಾ ಟ್ರ್ಯಾಕ್ಟರ್ ಮೇಲಿದ್ದರು. ಮಶಿನ್ ಬಂದ್ ಮಾಡಬೇಕೋ, ಇಳಿದು ಹೋಗಿ ತಂತಿ ಬಿಚ್ಚಬೇಕೋ ಎಂದು ವಿಚಾರಕ್ಕೆ ಬಿದ್ದರು. ಅವರು ಬಂದ್ ಮಾಡುವ ಹೊತ್ತಿಗೆ ಹುಡುಗನ ತಾಯಿಯ ಇಳಕಲ್ ಸೀರೆ, ಸೋದರಮಾವನ ಮೀಸೆ, ಸುಸಲಾದ ತಾಟು ಎಲ್ಲವೂ ಒಂದೇ ಬಣ್ಣಕ್ಕೆ ಬಂದಿದ್ದವು. ಹುಡುಗಿ ಕೆಮ್ಮುತ್ತ ನಿಂತಲ್ಲೇ ನಿಂತಿದ್ದಳು, ಚಹಾದ ಮೇಲೆ ಹೊಟ್ಟು ತೇಲುತ್ತಿತ್ತು.

ಸಂಬಂಧವೇನೋ ಕೂಡಿತು. ಹುಡುಗನಿಗೆ ನಗು ಬಂದಿತ್ತಂತೆ, ಅವಳಿಗೂ ಬಂದಿತ್ತಂತೆ, ಅಷ್ಟರಲ್ಲೇ ಮನಸ್ಸು ಕೂಡಿತಂತೆ. ಆದರೆ ತಮ್ಮ ಆ ಸಂಜೆ ಬಂದು ಅಣ್ಣನ ಎದುರು ನಿಂತು ಹೇಳಿದರು: "ಇನ್ನ ಮ್ಯಾಲ ನಿನ್ನ ಸೊಂಡಿ ನಾ ಹಿಡೀತೀನಿ. ನಿನ್ನ ಮ್ಯಾಲ ನನಗ ಭರೋಸಾ ಇಲ್ಲ." ಅವರು ಅಣ್ಣನಿಗೆ ಆಡಿದ ಕೊನೆಯ ಮಾತು ಅದು. ಆಮೇಲೆ ಮಾತೂ ಬಿಟ್ಟರು, ಅಣ್ಣನ ಹೊಸ್ತಿಲು ತುಳಿಯುವುದನ್ನೂ ಬಿಟ್ಟರು. ಸೊಂಡಿಯನ್ನು ಮಾತ್ರ ಬಿಡಲಿಲ್ಲ. ಪ್ರತಿ ಸುಗ್ಗಿಗೆ, ಯಾರೂ ಕರೆಯದೆ, ಮುಖಕ್ಕೆ ಟವೆಲ್ ಸುತ್ತಿಕೊಂಡು ಬಂದು ಸೊಂಡಿಯ ಹಿಡಿಕೆ ಹಿಡಿದು ನಿಲ್ಲುವರು. ರಾಶಿ ಮುಗಿದ ಕೂಡಲೇ ಟವೆಲ್ ಝಾಡಿಸಿ ಮನೆಗೆ ಹೋಗುವರು.

ಮಶಿನ್ ಗದ್ದಲದಲ್ಲಿ ಹೇಗೂ ಮಾತು ಕೇಳಿಸುವುದಿಲ್ಲ. ಟ್ರ್ಯಾಕ್ಟರ್ ಮೇಲೆ ಎತ್ತರದಲ್ಲಿ ಕೂತ ಕಾಕಾಗೆ ಬೇವಿನ ಮರದ ತುದಿ ಕಾಣುವುದು, ಗಾಳಿಯ ಮನಸ್ಸು ಮೊದಲು ತಿಳಿಯುವುದು. ಎಡಗೈ ಎತ್ತಿದರೆ ಸೊಂಡಿ ಎಡಕ್ಕೆ, ಬಲಗೈ ಎತ್ತಿದರೆ ಬಲಕ್ಕೆ, ಎರಡೂ ಎತ್ತಿದರೆ ಕೆಳಕ್ಕೆ, ತಲೆಯ ಮೇಲೆ ಕೈಯಿಟ್ಟರೆ ಬಂದ್. ತಿರುಗಿಸಿ ಆದ ಮೇಲೆ ತಮ್ಮ "ಸಾಕೇ?" ಎನ್ನುವ ಹಾಗೆ ಗದ್ದ ಮೇಲೆತ್ತುವರು, ಕಾಕಾ ತಲೆಯಾಡಿಸುವರು. ಅಷ್ಟೇ ಮಾತುಕತೆ. ಸೋಲಾಪುರದಲ್ಲಿ ನಮ್ಮ ಗಲ್ಲಿಯ ಎಷ್ಟೋ ಗಂಡಹೆಂಡಿರ ನಡುವೆ ಅಷ್ಟೂ ಇಲ್ಲ.

ತೀರಾ ಮಾತು ಬೇಕಾದರೆ ಮೂರನೆಯವರು ಬೇಕಾಗುತ್ತಿತ್ತು. ನನ್ನ ತೊಗರಿ ರಾಶಿಯ ದಿನ ಆ ಮೂರನೆಯವಳು ನಾನು. ಇಬ್ಬರೂ ನನ್ನ ಆಚೆ ಈಚೆ ನಿಂತು, ಕೈಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ, ನನಗೆ ಹೇಳುವರು. "ಅಕ್ಕೋರ, ಊಟ ಆಗ್ಯಾದೇನು ಅಂತ ಕೇಳ್ರಿ." "ಆಗ್ಯಾದ ಅಂತ ಹೇಳ್ರಿ ಅಕ್ಕೋರ." ನಾನು ಬಾಯಿ ತೆರೆಯುವ ಮೊದಲೇ ಸುದ್ದಿ ಮುಟ್ಟಿರುತ್ತಿತ್ತು. ಆದರೂ ನಾನು ತಿರುಗಿ ಹೇಳಲೇಬೇಕು, ಹೇಳದಿದ್ದರೆ ಮುಂದಿನ ಮಾತು ಹೊರಡುತ್ತಿರಲಿಲ್ಲ.

ಒಂದು ವರ್ಷ ಸಂಕ್ರಾಂತಿಯ ಸುಮಾರಿಗೆ ಸೋಲಾಪುರದ ಕೃಷಿ ಪ್ರದರ್ಶನಕ್ಕೆ ಕಾಕಾ ಬಂದರು. ನಮ್ಮ ಮನೆಯಲ್ಲಿ ಊಟ ಮಾಡಿ, ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ಒಬ್ಬ ತರುಣ ವ್ಯಾಪಾರಿ ಹೊಸ ಸಾಮಾನು ಇಟ್ಟಿದ್ದ. ಸೊಂಡಿಯ ಬುಡಕ್ಕೆ ಒಂದು ಮೋಟಾರು, ಅದರ ವಾಯರ್ ಟ್ರ್ಯಾಕ್ಟರಿನ ಸ್ಟೇರಿಂಗ್ ಪಕ್ಕಕ್ಕೆ, ಅಲ್ಲಿ ಒಂದು ಬಟನ್ ಡಬ್ಬಿ. ಕೂತಲ್ಲೇ ಒತ್ತಿದರೆ ಸೊಂಡಿ ತಾನೇ ತಿರುಗುತ್ತದೆ. ಅವನು ಒತ್ತಿ ತೋರಿಸಿದ. ಖಾಲಿ ಸೊಂಡಿ ಆ ಕಡೆ ಈ ಕಡೆ ತಿರುಗಿ ನಮ್ಮನ್ನೆಲ್ಲ ನೋಡಿತು.

"ಕಾಕಾ, ಮಾಣೂಸ್ ಲಾಗತ್ ನಾಹೀ!" ಎಂದ, ಮನುಷ್ಯನೇ ಬೇಕಾಗಿಲ್ಲ ಎಂದು.

"ಮತ್ತ ಆ ಮನಶ್ಯಾ ಏನ ಮಾಡಬೇಕು?" ಎಂದು ಕಾಕಾ ಕನ್ನಡದಲ್ಲೇ ಕೇಳಿದರು.

ವ್ಯಾಪಾರಿಗೂ ಕನ್ನಡ ಬರುತ್ತಿತ್ತು. "ಮನ್ಯಾಗ ಕುಂಡ್ರತಾನ್ರಿ, ಆರಾಮ" ಎಂದ.

ಕಾಕಾ ಮೂಗು ಒರೆಸಿಕೊಂಡರು. ಹೊಟ್ಟು ಮೋಟಾರಿನೊಳಗೆ ಹೋದರೆ? ಮುಚ್ಚಳ ಇದೆ. ಇಲಿ ವಾಯರ್ ಕಡಿದರೆ? ಪೈಪಿನೊಳಗೆ ಇದೆ. ನಡುವೆ ಕೆಟ್ಟರೆ? ಕೈಯಿಂದಲೂ ತಿರುಗಿಸಬಹುದು. ಬ್ಯಾಟರಿ ಇಳಿದರೆ? ಇಳಿಯುವುದಿಲ್ಲ. ಅವನ ಬಳಿ ಎಲ್ಲಕ್ಕೂ ಉತ್ತರವಿತ್ತು, ಮತ್ತು ಪ್ರತಿ ಉತ್ತರಕ್ಕೂ ಕಾಕಾನ ಮುಖ ಇನ್ನಷ್ಟು ಇಳಿಯುತ್ತಿತ್ತು. ಕೊನೆಗೆ "ಬರೋಬರಿ ಐತಿ" ಎಂದು ಹೊರಗೆ ಬಂದರು. ಬಸ್ಸಿಗೆ ಕಾಯುವಾಗ ನನಗೆ ಹೇಳಿದರು: "ಸಾಮಾನು ಛೊಲೋ ಐತ್ರಿ ಅಕ್ಕೋರ. ಅದ ತೊಂದರಿ."

ನಾನು ಮಾಸ್ತರಿಕೆ ಮಾಡಿದವಳು, ಎದುರಿಗಿದ್ದವರಿಗೆ ತಿಳಿದದ್ದನ್ನೂ ಒಮ್ಮೆ ಬಿಡಿಸಿ ಹೇಳದಿದ್ದರೆ ಸಮಾಧಾನವಿಲ್ಲ. "ಬಟನ್ ಬಂದ್ರ ನಿಮ್ಮ ತಮ್ಮ ಬರಂಗಿಲ್ಲ ಅಂತ ಅಲ್ರಿ ನಿಮ್ಮ ಚಿಂತಿ?" ಎಂದೆ. ಅವರು ಬಸ್ ಬರುವ ದಿಕ್ಕನ್ನೇ ನೋಡುತ್ತ "ಮೋಟಾರಿನ ಮುಚ್ಚಳಾ ತೆಳ್ಳಗ ಐತಿ ಅಂತ ಚಿಂತಿ" ಎಂದರು.

ಮುಂದೆ ಇಡೀ ಊರಿಗೆ ಅದೇ ವಿಚಾರ. ಬಟನ್ ಹಾಕಿಸಬೇಕೋ ಬೇಡವೋ? ಕಾಕಾನ ಮಗ, ಮೂವತ್ತು ದಾಟಿದವನು, ಅಕ್ಕಲಕೋಟೆಯಲ್ಲಿ ಗಾಡಿಗಳ ಬಿಡಿಭಾಗದ ಅಂಗಡಿ ನಡೆಸುತ್ತಾನೆ. ನಾಳೆಯೇ ಹಾಕಿಸೋಣ ಎಂದ. ಊರ ಕಟ್ಟೆಯಲ್ಲಿ ಎರಡು ಪಕ್ಷವಾಯಿತು. ಬಟನ್ ಪಕ್ಷದವರು ಕಾಲ ಬದಲಾಗಿದೆ ಎಂದರು. ಹಿಡಿಕೆ ಪಕ್ಷದವರು ಕೈಯಲ್ಲಿ ಹಿಡಿದರೆ ಸೊಂಡಿಯ ನಡುಕ ತಿಳಿಯುತ್ತದೆ, ಹೊಟ್ಟು ಕಟ್ಟಿಕೊಂಡದ್ದು ಗೊತ್ತಾಗುತ್ತದೆ, ಬಟನಿಗೆ ಏನು ತಿಳಿದೀತು ಎಂದರು. ಎಲ್ಲರೂ ಮೋಟಾರಿನ ಮಾತನ್ನೇ ಆಡುತ್ತಿದ್ದರು, ಯಾರೂ ಮೋಟಾರಿನ ಬಗ್ಗೆ ಮಾತಾಡುತ್ತಿರಲಿಲ್ಲ. ಸೀದಾ ಹೇಳಿದವರು ಒಬ್ಬರೇ, ಕಾಕಾನ ಹೆಂಡತಿ. ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸದೆ ಮಗನಿಗೆ ಹೇಳಿದರು: "ನಿಮ್ಮಪ್ಪ, ನಿಮ್ಮ ಕಾಕಾ ಒಬ್ಬರ ಮುಖಾ ಒಬ್ಬರು ನೋಡೂದು ಅದೊಂದ ಜಾಗಾದಾಗ. ಅದಕ್ಕೂ ಮಶಿನ್ ಕೂಡಸ್ತೀಯೇನು?"

ತಮ್ಮನಿಗೂ ಸುದ್ದಿ ಮುಟ್ಟಿತ್ತು. ಆ ಸುಗ್ಗಿಯಲ್ಲಿ ನನ್ನ ರಾಶಿಯ ದಿನ, ಹಿಡಿಕೆ ಹಿಡಿದು ನಿಂತವರು ಅಣ್ಣನ ಕಡೆ ನೋಡದೆ ನನಗೆ ಹೇಳಿದರು: "ಬಟನ್ ತರಾವ್ರಿದ್ರ ತರ್ಲಿ ಅಂತ ಹೇಳ್ರಿ. ನನಗೂ ತ್ರಾಸ ತಪ್ಪತೈತಿ." ಹೇಳುವಾಗ ಹಿಡಿಕೆಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದರು. ಮೂರು ಹೆಜ್ಜೆಯಾಚೆ ನಿಂತಿದ್ದ ಕಾಕಾ "ವಿಚಾರ ಚಾಲೂ ಐತಿ ಅಂತ ಹೇಳ್ರಿ ಅಕ್ಕೋರ" ಎಂದರು. ಇಬ್ಬರ ಮುಖದಲ್ಲೂ ಒಂದು ಬಗೆಯ ಸಮಾಧಾನ ಕಂಡಿತು. ಅವರ ವಿಚಾರ ಎಷ್ಟು ದಿನ ನಡೆಯುತ್ತದೆ ಎಂಬುದು ತಮ್ಮನಿಗಿಂತ ಹೆಚ್ಚಿಗೆ ಯಾರಿಗೆ ಗೊತ್ತಿದ್ದೀತು?

ಮರುವರ್ಷದ ಪ್ರದರ್ಶನಕ್ಕೂ ಬಂದರು, ಅದರ ಮರುವರ್ಷಕ್ಕೂ. ಆ ವ್ಯಾಪಾರಿ ಅವರನ್ನು ಕಂಡರೆ ಕುರ್ಚಿ ಹಾಕಿ ಚಹಾ ತರಿಸುತ್ತಿದ್ದ, ಸಾಮಾನು ಕೊಳ್ಳುತ್ತಾರೆಂಬ ಆಸೆ ಬಿಟ್ಟಿದ್ದ. ಕಾಕಾ ಬಟನ್ ಒತ್ತುವರು, ಸೊಂಡಿ ತಿರುಗುವುದನ್ನು ನೋಡುವರು, ಮುಚ್ಚಳವನ್ನು ಉಗುರಿನಿಂದ ಬಡಿದು ಕಿವಿಯಿಟ್ಟು ಕೇಳುವರು, ಎದ್ದು ಬರುವರು. ನನಗೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಹೋಗಿ ತಮ್ಮನ ಮುಂದೆ ನಿಂತು "ತಪ್ಪಾತೋ" ಎಂದರೆ ಮುಗಿಯುತ್ತಿತ್ತಲ್ಲ! ಒಮ್ಮೆ ಹಾಗೆಂದೇ ಅಂದೆ. "ಅಂದ್ರ ಅಂವಾ ಮಾತಾಡತಾನ್ರಿ" ಎಂದರು. "ಮಾತಾಡಿದ ಮ್ಯಾಲ ಸೊಂಡಿ ಹಿಡಿಯಾಕ ಬರಬೇಕಂತ ಏನೈತಿ? ಸಿಟ್ಟ ಐತಿ ಅಂತ ಬರ್ತಾನ."

ಆಮೇಲೆ ತಮ್ಮನಿಗೆ ಕೆಮ್ಮು ಹತ್ತಿತು. ಮಗಳು ಭಂಡಾರಕವಠೆಯಿಂದ ಬಂದು ತಂದೆಯನ್ನು ಸೋಲಾಪುರದ ಎದೆಯ ಡಾಕ್ಟರಿಗೆ ತೋರಿಸಿದಳು. ವಾಪಸು ಹೋಗುವಾಗ ನಮ್ಮ ಮನೆಗೆ ಬಂದರು. ಧೂಳಿನ ಹತ್ತಿರ ಸುಳಿಯಬಾರದು, ಹೊಟ್ಟಂತೂ ವಿಷವೇ ಎಂದು ಡಾಕ್ಟರು ಹೇಳಿದ್ದರು. ಮಗಳು ಅತ್ತಳು. ತಂದೆ ಚಹಾ ಆರಿಸಿಕೊಳ್ಳುತ್ತ "ವರ್ಷಾನುಗಟ್ಟಲೆ ನುಂಗೀನಿ, ಇನ್ನೊಂದೀಟು ನುಂಗಿದ್ರ ಏನಾಗತೈತಿ" ಎಂದರು. "ನಾ ಬಿಟ್ರ ಅಂವಾ ಊರ ಮ್ಯಾಲೆಲ್ಲ ಹೊಟ್ಟ ಹಾರಸ್ತಾನ." ಮಾತು ಮುಗಿಯುವ ಮೊದಲೇ ಕೆಮ್ಮು ಬಂದು, ಕಪ್ಪು ಕೆಳಗಿಡಲೂ ಆಗದೆ ಮಗಳ ಕೈಗೆ ಕೊಟ್ಟರು.

ಅವರು ಹೋದ ಕೂಡಲೇ ನಾನು ಕಾಕಾಗೆ ಫೋನು ಮಾಡಿ ಎಲ್ಲ ಹೇಳಿದೆ. ವಿಚಾರ ಚಾಲೂ ಐತಿ ಎನ್ನುತ್ತಾರೆ, ಹಾಗೆಂದರೆ ಈ ಸಲ ಬೈಯಬೇಕು ಎಂದು ನಾನು ಸಿದ್ಧವಾಗಿ ಕೂತಿದ್ದೆ. "ನಾಳೆ ಮೊದಲನೇ ಎಸ್‌ಟಿ ಬಸ್ಸಿಗೆ ಬರ್ತೀನಿ" ಎಂದರು. ಬಂದರು. ವ್ಯಾಪಾರಿಯ ಅಂಗಡಿಗೆ ಹೋಗಿ, ಮೂಗು ಒರೆಸಿಕೊಳ್ಳದೆ, "ಕೊಡ್ರಿ" ಎಂದರು. ಆ ತರುಣ ನನ್ನ ಮುಖ ನೋಡಿದ. ಅವನಿಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಗಿತ್ತು.

ಗಡಬಡಿ ನಿಜವಾಗಿ ಎದ್ದದ್ದು ಅದನ್ನು ಕೂಡಿಸುವ ದಿನ. ಹನ್ನೂರಿಗೆ ಬಂದ ಮಿಸ್ತ್ರಿ ಬಟನ್ ಡಬ್ಬಿಯನ್ನು ಸ್ಟೇರಿಂಗ್ ಪಕ್ಕಕ್ಕೆ ಹಚ್ಚಲು ಹೋದರೆ ಕಾಕಾ ತಡೆದರು. "ಅಲ್ಲಿ ಬ್ಯಾಡ. ವಾಯರ್ ಉದ್ದ ಮಾಡು. ಬೇವಿನ ಗಿಡದ ತನಕ." ಮಿಸ್ತ್ರಿಗೆ ತಿಳಿಯಲಿಲ್ಲ. ಒಬ್ಬನೇ ಮನುಷ್ಯ ಎರಡು ಕೆಲಸ ಮಾಡಲಿ ಎಂದೇ ಇದು ಇರುವುದು ಎಂದು ಕಾಕಾಗೆ ತಿಳಿಸಿ ಹೇಳಿದ. "ಬರೋಬರಿ ಐತಿ" ಎಂದರು ಕಾಕಾ. "ಗಿಡದ ತನಕ ಮಾಡು. ಗಾಳಿ ತಿರುಗಿದ್ರ ಕುರ್ಚಿ ಆ ಕಡಿ ಒಯ್ಯಬೇಕಾಗತೈತಿ, ಇನ್ನೊಂದೀಟು ಉದ್ದ ಇರ್ಲಿ." ಮಿಸ್ತ್ರಿ ತಲೆ ಕೆರೆದುಕೊಂಡು ವಾಯರ್ ತರಲು ಅಕ್ಕಲಕೋಟೆಗೆ ಹೋದ. ಮನುಷ್ಯ ಬೇಡ ಎಂಬ ಸಾಮಾನು ತಂದು ಅದಕ್ಕೆ ಮತ್ತೆ ಅದೇ ಮನುಷ್ಯನನ್ನು ಜೋಡಿಸಿದವರು ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ರಾಶಿಯ ದಿನ ತಮ್ಮ ಎಂದಿನಂತೆ ಟವೆಲ್ ಸುತ್ತಿಕೊಂಡು ಬಂದರು. ಸೊಂಡಿಯ ಬುಡದಲ್ಲಿ ಮೋಟಾರು ಕಂಡಿತು. ಹಿಡಿಕೆಯನ್ನು ಬಿಚ್ಚಿಟ್ಟಿದ್ದರು. ಟವೆಲ್ ಬಿಚ್ಚಿ ಹೆಗಲಿಗೆ ಹಾಕಿ ತಿರುಗಿಯೇ ಬಿಟ್ಟಿದ್ದರು. ಆಗ ಕಾಕಾ, ಗಾಳಿ ಬರುವ ಕಡೆ ಬೇವಿನ ಬುಡದಲ್ಲಿ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ತೋರಿಸಿ, ಬಟನ್ ಡಬ್ಬಿಯನ್ನು ಅದರ ಮೇಲಿಟ್ಟು ನನಗೆ ಹೇಳಿದರು: "ಅಕ್ಕೋರ, ನನ್ನ ಮ್ಯಾಲ ಯಾರಿಗೂ ಭರೋಸಾ ಇಲ್ಲ. ಅದಕ್ಕ ಬಟನ್ ಅಲ್ಲಿ ಇಟ್ಟೀನಿ ಅಂತ ಹೇಳ್ರಿ."

ನಾನು ಹೇಳಿದೆ. ತಮ್ಮ ವಾಯರನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು. ಆಮೇಲೆ ಡಬ್ಬಿ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತರು. "ಯಾವಾಗ ಒತ್ತಬೇಕು ಅಂತ ನನಗ ಯಾರೂ ಕಲಸಬೇಕಾಗಿಲ್ಲ ಅಂತ ಹೇಳ್ರಿ" ಎಂದರು. ಕಾಕಾ ಟ್ರ್ಯಾಕ್ಟರ್ ಹತ್ತಿದರು. ಗಾಳಿ ತಿರುಗಿದಾಗ ಎಡಗೈ ಎತ್ತಿದರು, ತಮ್ಮ ಒತ್ತಿದರು, ಸೊಂಡಿ ತಿರುಗಿತು. ಗದ್ದ ಮೇಲೆತ್ತಿದರು, ಕಾಕಾ ತಲೆಯಾಡಿಸಿದರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಹೊಟ್ಟು ಬಿತ್ತು ಎಂದೆ. ಆ ಕಡೆ ಹೊಟ್ಟು ಬರುತ್ತಲೇ ಇರಲಿಲ್ಲ.

ಮೇಲೆ ಹೇಳಿದ ಫೋಟೊ ಆ ದಿನದ್ದೇ. ಮಗ ತೆಗೆದದ್ದು.

ಕಾಕಾ ಹೋದದ್ದು ಮಳೆಗಾಲದಲ್ಲಿ, ಊಟ ಮಾಡಿ ಎಲೆಯಡಿಕೆ ಹಾಕಿಕೊಳ್ಳಬೇಕೋ ಬೇಡವೋ ಎಂದು ಡಬ್ಬಿ ಹಿಡಿದು ಕೂತಿದ್ದಾಗ. ಮಣ್ಣಿನ ದಿನ ತಮ್ಮ ಮೂಲೆಯಲ್ಲಿ ನಿಂತಿದ್ದರು. ಸರದಿ ಬಂದಾಗ ಹಿಡಿ ಮಣ್ಣು ಹಾಕಿದರು, ಮಾತಾಡಲಿಲ್ಲ, ಅಳಲಿಲ್ಲ. ಕೆಲವರು ಕಲ್ಲಿನಂಥ ಮನುಷ್ಯ ಎಂದರು. ನನಗೂ ಆ ಕ್ಷಣ ಹಾಗೇ ಅನಿಸಿತು, ಸುಗ್ಗಿಯವರೆಗೂ ಸಿಟ್ಟು ಇಟ್ಟುಕೊಂಡಿದ್ದೆ.

ಈ ಸಲ ಕಾಕಾನ ಮನೆಯ ಮುಂದಿನ ಬಯಲಿನಲ್ಲಿ ನನ್ನ ತೊಗರಿ ರಾಶಿಗೆ ಟ್ರ್ಯಾಕ್ಟರ್ ಹತ್ತಿದವನು ಕಾಕಾನ ಮಗ. ತಮ್ಮ ಯಾರೂ ಕರೆಯದೆ ಬಂದು ಕುರ್ಚಿಯಲ್ಲಿ ಕೂತಿದ್ದರು, ಡಬ್ಬಿ ತೊಡೆಯ ಮೇಲೆ. ಪಕ್ಕದ ಅಂಗಳದಲ್ಲಿ ಭಂಡಾರಕವಠೆಯ ಬೀಗತಿ, ಅಂದು ಇಳಕಲ್ ಸೀರೆಯಲ್ಲಿ ಬಂದಿದ್ದ ಅದೇ ಹೆಣ್ಣುಮಗಳು, ಸೊಸೆಯ ಜೊತೆ ಬಂದು ಕೂತಿದ್ದರು. ಮಧ್ಯಾಹ್ನ ಗಾಳಿ ತಿರುಗಿತು. ಹೊಟ್ಟು ಬಣವಿ ಬಿಟ್ಟು ಅಂಗಳದ ಕಡೆ ಏಳತೊಡಗಿತು. ತಮ್ಮ ನೋಡುತ್ತಿದ್ದರು, ಒತ್ತಲಿಲ್ಲ. ಮಗ ಮೇಲಿನಿಂದ ಚಿಕ್ಕಪ್ಪನಿಗೆ "ಕಾಕಾ, ದಾಬಾ!" ಎಂದು ಮರಾಠಿಯಲ್ಲಿ ಕೂಗಿದ, ಒತ್ತರಿ ಎಂದು. ಒತ್ತಲಿಲ್ಲ. ಬೀಗತಿ ಸೆರಗು ಝಾಡಿಸುತ್ತ ಎದ್ದು "ಅಯ್ಯ, ಮತ್ತ ಅದ ಆತಲ್ರೆವ್ವ!" ಎಂದರು. ನಾನು ಓಡಿ ಹೋಗಿ "ಒತ್ತರಿ, ಒತ್ತರಿ" ಎಂದೆ.

"ಕೈ ಎತ್ತಿಲ್ಲಲ್ರಿ" ಎಂದರು.

ನಾನು ಟ್ರ್ಯಾಕ್ಟರ್ ಕಡೆ ತಿರುಗಿ ಕೈ ಎತ್ತಿ ತೋರಿಸಿದೆ. ಮಗನಿಗೆ ತಿಳಿಯಿತು, ಬಲಗೈ ಎತ್ತಿದ. ತಮ್ಮ ಅಲ್ಲ ಎಂದು ತಲೆಯಲ್ಲಾಡಿಸಿದರು. ಅವನು ಅದನ್ನಿಳಿಸಿ ಎಡಗೈ ಎತ್ತಿದ. ಆಗ ಒತ್ತಿದರು. ಸೊಂಡಿ ಎಡಕ್ಕೆ ಹೊರಟಿತು, ಅಂಗಳ ದಾಟಿತು, ಬಣವಿಗೆ ಬಂತು, ಬಣವಿಯನ್ನೂ ದಾಟಿ ಇನ್ನು ತಿರುಗಲು ಜಾಗವಿಲ್ಲದೆ ನಿಂತಿತು. ಅವರ ಹೆಬ್ಬೆರಳು ಬಟನ್ ಬಿಡಲಿಲ್ಲ. ಮೋಟಾರು ಗೊರ್ರೆನ್ನುತ್ತಿತ್ತು. ಗದ್ದ ಮೇಲೆತ್ತಿ ಟ್ರ್ಯಾಕ್ಟರಿನ ಕಡೆಗೇ ನೋಡುತ್ತಿದ್ದರು. ಮಗನಿಗೆ ತಲೆಯಾಡಿಸಬೇಕೆಂದು ಗೊತ್ತಿರಲಿಲ್ಲ.

"ಸಾಕೇನೋ, ಅಣ್ಣಾ?" ಎಂದರು. ನನಗೆ ಹೇಳಿದ್ದಲ್ಲ. ನನ್ನನ್ನು ನಡುವೆ ಇಟ್ಟುಕೊಳ್ಳದೆ, ಸೀದಾ.

ಅವರು ಬೆರಳು ತೆಗೆಯದೆ ಕಾಯುತ್ತಲೇ ಇದ್ದರು. ಇಷ್ಟು ವರ್ಷ ಮಾಡಿದ ಕೆಲಸ, ನಾನು ಇನ್ನೊಮ್ಮೆ ಮಾಡಿದೆ. ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದೆ:

"ಬರೋಬರಿ ಐತಿ ಅಂತಾರ ನೋಡ್ರಿ."

ಅವರು ಬಟನ್ ಬಿಟ್ಟರು.